ಹೊಸ್ತಿಲಾಚೆಯ ಮಾತು

ಮಾರ್ಚ್ ೩, ಸೋಮವಾರ

“ತಲೇಲಿ ಓಡೋದನ್ನೆಲ್ಲ ಎಲ್ಲಾದ್ರೂ ಬರೆದಿಡಿ. ನನ್ನ ಕಿವಿಗೂ ಸ್ವಲ್ಪ ರಜೆ ಸಿಗಲಿ” ಎಂದು ನನ್ನ ಹೆಂಡತಿ ಹೇಳುತ್ತಲೇ ಇದ್ದಳು. ದಿನವಿಡೀ ಆಸ್ಪತ್ರೆಯಲ್ಲಿ ರೋಗಿಗಳ ಗೋಳು ಕೇಳಿ ಬರುವ ನರ್ಸಿಗೆ ಮನೆಯಲ್ಲಿ ಗಂಡನ ಗೋಳೂ ಎಂದರೆ ಕಷ್ಟವೇ. ಇವತ್ತು ಶುರು ಮಾಡಿದ್ದೇನೆ.

ಗೋಳು ಒಂದೇ. ಮಗಳನ್ನು ಒಂದನೇ ತರಗತಿಗೆ ಎಲ್ಲಿ ಸೇರಿಸುವುದು?

ಬೇರೆಯವರ ಮನೆಯಲ್ಲಾದರೆ ಇದು ಊಟದ ಹೊತ್ತಿಗೆ ಶುರುವಾಗಿ ಕೈ ತೊಳೆಯುವ ಹೊತ್ತಿಗೆ ಮುಗಿಯುವ ಮಾತು. ನಮ್ಮಲ್ಲಿ ಹಾಗಲ್ಲ. ನಮ್ಮ ಹುಡುಗಿ ಮನೆಯೊಳಗೆ ಅರಳು ಹುರಿದ ಹಾಗೆ ಮಾತಾಡುತ್ತಾಳೆ. ಅದಕ್ಕೇ ಅವಳ ಅಜ್ಜಿ ಅವಳಿಗೆ ‘ಅರಳು’ ಎಂದೇ ಹೆಸರಿಟ್ಟು ಹೋದಳು. ಆದರೆ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಶಿಶುವಿಹಾರಕ್ಕೆ ಎರಡು ವರ್ಷ ಹೋದಳು, ಒಂದಕ್ಷರ ಆಡಲಿಲ್ಲ. ಬಾಯಾರಿದರೂ ನೀರು ಕೇಳಲಿಲ್ಲ. ಒಂದು ದಿನ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಯಾರಿಗೂ ಗೊತ್ತೇ ಆಗಿಲ್ಲ. ಸಂಜೆ ನಾನು ಕರೆತಂದು, ಮನೆಯ ಬಾಗಿಲು ಹಾಕಿದ ಮೇಲೆ, ಚಪ್ಪಲಿ ಬಿಡುವ ಜಾಗದಲ್ಲೇ ಕೂತು ಗೋಳೋ ಎಂದು ಅತ್ತಳು.

ಡಾಕ್ಟರು ಕಿವಿ, ಗಂಟಲು, ನಾಲಗೆ ಎಲ್ಲ ನೋಡಿದರು. “ದೋಷ ಏನೂ ಇಲ್ಲ. ಹೊರಗಿನವರ ಎದುರು ಭಯ. ಬಲವಂತ ಮಾಡ್ಬೇಡಿ” ಎಂದರು.

ನಾನು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಮೇಣದಲ್ಲಿ ಒಸಡು ಕಡೆದು ಹಲ್ಲು ಕೂರಿಸುತ್ತೇನೆ. ನಮ್ಮ ಯಜಮಾನರು ಇವತ್ತು, “ಊರೋರ ಬಾಯಿಗೆಲ್ಲ ಹಲ್ಲು ಜೋಡಿಸ್ತೀಯ, ನಿನ್ನ ಮಗಳ ಬಾಯಿ ಮಾತ್ರ ತೆರೆಸೋಕೆ ಆಗಲ್ವಲ್ಲೋ” ಎಂದರು. ತಮಾಷೆಗೆ ಅಂದದ್ದು. ನಗಲಿಕ್ಕಾಗಲಿಲ್ಲ.

ಇರುವುದು ಎರಡು ಶಾಲೆ. ಒಂದು ನಮ್ಮ ಬೀದಿಯ ತಿರುವಿನಲ್ಲೇ ಇದೆ, ಅದರ ಗಂಟೆ ನಮ್ಮ ಅಡುಗೆಮನೆಗೆ ಕೇಳುತ್ತದೆ. ಹಳೆಯ ಕಟ್ಟಡ, ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆ. ಇನ್ನೊಂದು ಊರಾಚೆಯ ದೊಡ್ಡ ಶಾಲೆ. ಅಕ್ಕನ ಮಕ್ಕಳಿಬ್ಬರೂ ಅಲ್ಲೇ ಓದುತ್ತಾರೆ. ಮಾತು ಬಾರದ ಮಕ್ಕಳಿಗೆಂದೇ ಅಲ್ಲಿ ಬೇರೆ ಟೀಚರ್ ಇದ್ದಾರಂತೆ. ಇವಳಿಗೆ, ಅಂದರೆ ನನ್ನ ಹೆಂಡತಿಗೆ, ತಿರುವಿನ ಶಾಲೆ ಸಾಕು. ನನಗೆ ಸಾಕಾಗಿಲ್ಲ. ಗೋಡೆಗೆ ಬಣ್ಣ ಬಳಿಸಲಾರದವರು ನನ್ನ ಮಗಳನ್ನು ಏನು ನೋಡಿಕೊಂಡಾರು?

ಮಾರ್ಚ್ ೮, ಶನಿವಾರ

ದೊಡ್ಡ ಶಾಲೆಯ ಸಂದರ್ಶನ. ಮೂವರೂ ಹೋಗಿದ್ದೆವು. ಕಾಯುವ ಕೋಣೆಯಲ್ಲಿ ಗೋಡೆಯುದ್ದದ ಮೀನಿನ ತೊಟ್ಟಿ. ಅರಳು ಅದರ ಗಾಜಿಗೆ ಮೂಗು ಒತ್ತಿಕೊಂಡು ನಿಂತಳು. ಒಳಗೆ ಕರೆದಾಗ ನನ್ನ ಪ್ಯಾಂಟಿನ ಜೇಬು ಹಿಡಿದುಕೊಂಡೇ ಬಂದಳು.

ಸಂದರ್ಶನ ಮಾಡಿದ ಮೇಡಂ ಕೆಟ್ಟವರಲ್ಲ. ನಗುತ್ತಲೇ, “ಏನಮ್ಮ ನಿನ್ನ ಹೆಸರು?” ಎಂದರು. ನಾನು ಹೇಳಿದೆ. “ಈ ಬಣ್ಣ ಯಾವ್ದು?” ಎಂದರು. “ಹಸಿರು ಅವಳಿಗೆ ಗೊತ್ತು, ಮೇಡಂ” ಎಂದೆ. “ನಿಮಗೆ ಗೊತ್ತಿರೋದು ನನಗೂ ಗೊತ್ತಾಯ್ತು. ಮಗು ಹೇಳಲಿ” ಎಂದರು. ಅರಳು ನನ್ನ ಜೇಬಿನೊಳಗೆ ಕೈ ತೂರಿಸಿದಳು. ನನ್ನ ಬಾಯಿ ತಾನಾಗಿಯೇ ತೆರೆಯಿತು. ಇವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

“ಮಗು ಇನ್ನೂ ತಯಾರಾಗಿಲ್ಲ ಅನ್ಸುತ್ತೆ” ಎಂದು ಮೇಡಂ ಎದ್ದರು. ಅವರ ಆ ಬೇರೆ ಟೀಚರು ಇರುವುದು ಉಚ್ಚಾರ ತಿದ್ದುವುದಕ್ಕಂತೆ. ಮೊದಲು ಮಾತಾಡಿದರೆ ತಾನೆ ತಿದ್ದುವುದು?

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ, ಅರಳು ಶುರು. “ಅಪ್ಪಾ, ಆ ಕಪ್ಪು ಮೀನಿದೆಯಲ್ಲ, ಅದು ಕೆಂಪು ಮೀನಿನ ಬಾಲ ಕಚ್ಚಿದೆ. ಕೆಂಪು ಮೀನು ಕಲ್ಲಿನ ಹಿಂದೆ ಬಚ್ಚಿಟ್ಕೊಂಡಿದೆ. ಅದಕ್ಕೆ ಊಟ ಯಾರು ಕೊಡ್ತಾರೆ? ಹಿಂದೇನೇ ಇದ್ರೆ ಅದಕ್ಕೆ ಸಿಗಲ್ವಲ್ಲ?”

ಇವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು.

ಮಾರ್ಚ್ ೧೧, ಮಂಗಳವಾರ

ಅಕ್ಕ ಬಂದಿದ್ದಳು. “ನಾನು ಮಾತಾಡಿದೀನಿ ಕಣೋ. ಮೇ ತಿಂಗಳಲ್ಲಿ ಇನ್ನೊಂದ್ಸಲ ನೋಡ್ತಾರಂತೆ. ಅಷ್ಟರೊಳಗೆ ಹೆಸರು, ಅಪ್ಪ ಅಮ್ಮನ ಹೆಸರು, ನಾಲ್ಕು ಬಣ್ಣ ಹೇಳೋಕೆ ಕಲಿಸು. ಎರಡು ತಿಂಗಳು ಸಾಕಲ್ವಾ?” ಎಂದಳು. ಸಾಕು ಎಂದೆ. ನಾಳೆಯಿಂದಲೇ ಅಭ್ಯಾಸ.

ಮಾರ್ಚ್ ೧೪, ಶುಕ್ರವಾರ

ನಾನು ಮೇಡಂ, ಅರಳು ಅರಳು. ಕುರ್ಚಿಯ ಮೇಲೆ ನಾನು, ಎದುರಿಗೆ ಮಣೆಯ ಮೇಲೆ ಅವಳು. ಮೊದಲು ನಗುತ್ತ ಹೇಳಿದಳು. ಬಾಗಿಲಾಚೆಯ ಮೆಟ್ಟಿಲ ಮೇಲೆ ಕೂರಿಸಿ ಅದೇ ಪ್ರಶ್ನೆ ಕೇಳಿದೆ. ಉತ್ತರವಿಲ್ಲ. ಮತ್ತೆ ಒಳಗೆ, ಮತ್ತೆ ಹೊರಗೆ. “ಒಂದೇ ಒಂದ್ಸಲ ಹೇಳಿಬಿಡೇ ಪುಟ್ಟ” ಎಂದು ಕೈ ಹಿಡಿದೆ. ಅವಳ ಕೈ ತಣ್ಣಗಿತ್ತು.

ಮಾರ್ಚ್ ೧೬, ಭಾನುವಾರ

ಮನೆಯೊಳಗೂ ಮಾತಿಲ್ಲ.

ಮಾರ್ಚ್ ೧೭, ಸೋಮವಾರ

ಇವತ್ತೂ ಇಲ್ಲ. ನಾನು ಕುರ್ಚಿಯ ಮೇಲೆ ಕೂತರೆ ಸಾಕು, ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ. ಬಚ್ಚಲಲ್ಲಿ ಒಬ್ಬಳೇ ಗೊಂಬೆಯ ಜೊತೆ ಪಿಸುಗುಟ್ಟುವುದು ಕೇಳಿತು. ನನ್ನ ಹೆಜ್ಜೆಯ ಸದ್ದಿಗೆ ಅದೂ ನಿಂತಿತು.

ಇವಳು ಡ್ಯೂಟಿ ಮುಗಿಸಿ ಬಂದವಳು ಸಮವಸ್ತ್ರ ಕೂಡ ಬದಲಿಸದೆ ನನ್ನ ಮುಂದೆ ನಿಂತಳು. “ಅವಳು ಮಾತಾಡ್ತಿದ್ದಿದ್ದು ಇದೊಂದೇ ಜಾಗ ಕಣ್ರೀ. ಇಲ್ಲೂ ಬಾಯಿ ಮುಚ್ಚಿಸಿಬಿಟ್ರಾ?” ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

ಆ ಕುರ್ಚಿಯನ್ನು ಬಾಲ್ಕನಿಗೆ ಹಾಕಿದ್ದೇನೆ.

ಮಾರ್ಚ್ ೧೯, ಬುಧವಾರ

ಬೆಳಿಗ್ಗೆ ಹಲ್ಲುಜ್ಜುತ್ತ ಬಾಯಿ ತುಂಬ ನೊರೆ ಇಟ್ಟುಕೊಂಡು, “ಅಪ್ಪಾ, ಗೊಂಬೆಗೆ ಯಾಕೆ ಹಲ್ಲಿಲ್ಲ? ನೀನು ಮಾಡ್ಕೊಡಲ್ವಾ?” ಎಂದಳು. ದೇವರೇ. ಸಂಜೆ ಲ್ಯಾಬಿನಿಂದ ಎರಡು ಪುಟಾಣಿ ಹಲ್ಲು ತಂದುಕೊಟ್ಟೆ. ಗೊಂಬೆ ನೋಡಲು ಭಯಂಕರವಾಗಿದೆ. ಅರಳುವಿಗೆ ಬಹಳ ಇಷ್ಟವಾಗಿದೆ.

ಮಾರ್ಚ್ ೨೪, ಸೋಮವಾರ

ಇವಳ ಒತ್ತಾಯಕ್ಕೆ ತಿರುವಿನ ಶಾಲೆಗೆ ಹೋಗಿಬಂದೆವು. ನೋಡಿ ಬೇಡ ಎನ್ನೋಣ ಎಂಬ ಲೆಕ್ಕದಲ್ಲೇ ನಾನು ಹೋದದ್ದು.

ಹೊರಗಿನಿಂದ ಕಂಡಷ್ಟೇ ಹಳೆಯದು. ಅಂಗಳದಲ್ಲಿ ಸಾಲು ನಲ್ಲಿ, ಒಂದಕ್ಕೆ ಬಟ್ಟೆ ಸುತ್ತಿದೆ. ಕಾರಿಡಾರಿನ ಗೋಡೆಗೆ ಮಕ್ಕಳ ಕೈ ತಾಗಿ ತಾಗಿ ಸೊಂಟದೆತ್ತರಕ್ಕೆ ಮಾಸಿದ ಪಟ್ಟಿ. ಮುಖ್ಯ ಶಿಕ್ಷಕಿಯನ್ನು ಎಲ್ಲರೂ ‘ದೊಡ್ಡ ಮಿಸ್’ ಎನ್ನುತ್ತಾರೆ. ಟೀಚರುಗಳು ಸಾಲದ್ದಕ್ಕೆ ಒಂದನೇ ತರಗತಿಯನ್ನೂ ಅವರೇ ನೋಡಿಕೊಳ್ಳುತ್ತಾರೆ. ನಾವು ಹೋದಾಗ ಒಂದು ಮಗುವಿನ ಬೂಟಿನ ಗಂಟು ಬಿಚ್ಚುತ್ತ ನೆಲದ ಮೇಲೆ ಕೂತಿದ್ದರು. “ಹಾಳಾದ ಗಂಟು. ಇವರಮ್ಮ ಹಡಗು ಕಟ್ಟೋ ಹಾಗೆ ಕಟ್ಟಿ ಕಳಿಸ್ತಾರೆ” ಎಂದು ನಮಗೂ ಅಲ್ಲೇ ಕೂರಲು ಹೇಳಿದರು.

ಅರಳುವನ್ನು ಏನೂ ಕೇಳಲಿಲ್ಲ. ನೋಡಲೂ ಇಲ್ಲ ಎನ್ನಬೇಕು. ನನ್ನನ್ನೇ ಕೇಳಿದರು, “ಮನೇಲಿ ಹೇಗೆ?”

“ಮನೇಲಿ ಬಾಯಿ ಮುಚ್ಚೋದೇ ಇಲ್ಲ, ಮಿಸ್.”

“ಹಾಗಾದ್ರೆ ಮಾತಿದೆ. ಇಲ್ಲೀವರೆಗೆ ನಡ್ಕೊಂಡು ಬರ್ಬೇಕು ಅಷ್ಟೆ.”

ನನಗೆ ರೇಗಿತು. ಇಂಥ ಸಿಹಿ ಮಾತು ಬಹಳ ಕೇಳಿದ್ದೇನೆ. “ಬಾರದೇ ಇದ್ರೆ?” ಎಂದೆ.

“ಬಾರದೇ ಇರಲೂಬಹುದು” ಎಂದರು. “ಇಂಥೋಳು ಒಬ್ಬಳಿದ್ಲು. ನನ್ನ ಕ್ಲಾಸಿನಲ್ಲಿ ಇಡೀ ವರ್ಷ ತುಟಿ ಬಿಚ್ಚಲಿಲ್ಲ. ಮೂರನೇ ಕ್ಲಾಸಿಗೆ ಹೋದ್ಮೇಲೆ ಮಾತಾಡಿದ್ಲು, ಅದೂ ನನ್ನ ಹತ್ರ ಅಲ್ಲ. ನಂಗೆ ಸ್ವಲ್ಪ ಹೊಟ್ಟೆ ಉರೀತು. ಮಾತಾಡಿಸ್ತೀನಿ ಅಂತ ನಿಮಗೆ ಭಾಷೆ ಕೊಡಲ್ಲ. ಭಯ ಪಡಿಸಲ್ಲ ಅಂತ ಕೊಡ್ತೀನಿ.”

ಆಮೇಲೆ ಒಂದು ಉಪಾಯ ಹೇಳಿದರು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತರಗತಿ ಖಾಲಿ. ಮಗಳನ್ನು ಕರೆತಂದು ಅಲ್ಲಿ ಸುಮ್ಮನೆ ಆಡಿಸುವುದು. ಅವರು ಒಳಗೆ ಬರುವುದಿಲ್ಲ. ಅವಳ ಧ್ವನಿಗೆ ಆ ಕೋಣೆಯ ಅಭ್ಯಾಸವಾಗಲಿ ಎಂದರು. ಬಾಗಿಲವರೆಗೆ ಬಂದು, “ಒಂದು ಮಾತು. ಯಾರಾದ್ರೂ ಅವಳನ್ನ ಕೇಳಿದ್ರೆ ನೀವು ಉತ್ತರ ಕೊಡ್ಬೇಡಿ” ಎಂದರು.

ನಾನೇನು ಯಾವಾಗಲೂ ಕೊಡುತ್ತೇನೆಯೇ? ಅವರಿಗೆ ಯಾರು ಹೇಳಿದರೋ.

ಏಪ್ರಿಲ್ ೨, ಬುಧವಾರ

ಯಜಮಾನರನ್ನು ಕೇಳಿಕೊಂಡು ಬುಧವಾರ ಬೇಗ ಹೊರಡುವ ಏರ್ಪಾಡು ಮಾಡಿಕೊಂಡಿದ್ದೇನೆ. ಖಾಲಿ ತರಗತಿಯಲ್ಲಿ ನಾನು ಮೊಣಕಾಲು ಎದೆಗೆ ತಾಗುವಂಥ ಬೆಂಚಿನಲ್ಲಿ ಕೂತೆ. ಅರಳು ಎಲ್ಲ ಮುಟ್ಟಿ ನೋಡಿದಳು: ಸೀಮೆಸುಣ್ಣದ ಡಬ್ಬ, ಮರದ ಮಣಿಗಳು, ಕಿಟಕಿಯ ಚಿಲಕ. ಮಾತಿಲ್ಲ. ಹೊರಡುವಾಗ ನನ್ನ ಕಿವಿಗೆ ಬಾಯಿ ಹಚ್ಚಿ, ಉಸಿರಿನಷ್ಟೇ ಸದ್ದಿನಲ್ಲಿ, “ಇಲ್ಲಿ ಬೆಂಚಿನ ಕೆಳಗೆ ಯಾರೋ ಚೂಯಿಂಗ್ ಗಮ್ ಅಂಟಿಸಿದಾರೆ” ಎಂದಳು.

ಹೊಸ್ತಿಲಾಚೆ ಅವಳಾಡಿದ ಮೊದಲ ಮಾತು ಚೂಯಿಂಗ್ ಗಮ್ಮಿನದು. ಇರಲಿ. ಚಿನ್ನದ ಹಾಗೆ ಬರೆದಿಡುತ್ತೇನೆ.

ಏಪ್ರಿಲ್ ೯, ಬುಧವಾರ

ಪಿಸುಮಾತು ಬೆಳೆದಿದೆ. ಬಾಗಿಲು ಹಾಕಿದ್ದರೆ ಮಾತು, ತೆರೆದರೆ ಇಲ್ಲ.

ಏಪ್ರಿಲ್ ೧೬, ಬುಧವಾರ

ಶಾಲೆಗೆ ಬೇಸಿಗೆ ರಜೆ ಶುರುವಾದರೂ ದೊಡ್ಡ ಮಿಸ್ ದಿನವೂ ಬರುತ್ತಾರೆ. ಬಾಗಿಲು ಅರ್ಧ ತೆರೆದಿತ್ತು. ದೊಡ್ಡ ಮಿಸ್ ಕಾರಿಡಾರಿನಲ್ಲಿ ಬೆನ್ನು ತಿರುಗಿಸಿ ಕೂತು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು. ಅರಳು ಅವರನ್ನು ನೋಡಿದಳು, ಮಾತು ನಿಲ್ಲಿಸಿದಳು. ನಾನೇ ಏನಾದರೂ ಹೇಳಿ ತುಂಬಿಸಿಬಿಡೋಣ ಎನ್ನಿಸಿತು. ಮಣಿ ಪೋಣಿಸುತ್ತ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವಳೇ, ಮೊದಲಿಗಿಂತ ಮೆಲ್ಲಗೆ, “ನೀಲಿ ಆದ್ಮೇಲೆ ಹಳದಿ ಅಪ್ಪಾ, ನೀನು ತಪ್ಪು ಹಾಕ್ತಿದೀಯ” ಎಂದಳು.

ಮಿಸ್ ತಿರುಗಲಿಲ್ಲ. ಆದರೆ ಅವರ ಅಂಟಿನ ಕುಂಚ ಅಲ್ಲೇ ನಿಂತದ್ದನ್ನು ನಾನು ಕಂಡೆ.

ಏಪ್ರಿಲ್ ೨೪, ಗುರುವಾರ

ಅಕ್ಕನ ಫೋನು. “ಆ ತಿರುವಿನ ಶಾಲೆ ಮುಚ್ತಾರಂತೆ ಕಣೋ! ಮಕ್ಕಳೇ ಇಲ್ವಂತೆ. ಮಧ್ಯದಲ್ಲಿ ಮುಚ್ಚಿದ್ರೆ ಮಗೂನ ಎಲ್ಲಿಗೆ ಹಾಕ್ತೀಯ?”

ಕೈಲಿದ್ದ ಮೇಣದ ಅಚ್ಚನ್ನು ಹಾಗೇ ಬಿಟ್ಟು ಶಾಲೆಗೆ ಹೋದೆ. ದೊಡ್ಡ ಮಿಸ್ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. “ಈ ಮಾತು ನಾನಿಲ್ಲಿಗೆ ಬಂದಾಗಿಂದ ಕೇಳ್ತಿದೀನಿ. ಬರೋ ವರ್ಷ ಖಂಡಿತ ಇರುತ್ತೆ. ಅದರಾಚೆಗೆ ಮಕ್ಕಳು ಬಂದ್ರೆ ಇರುತ್ತೆ, ಬಾರದಿದ್ರೆ ಇಲ್ಲ. ನಿಮಗೆ ಸುಳ್ಳು ಹೇಳಿ ನಂಗೇನಾಗ್ಬೇಕು?” ಎಂದರು.

ಏಪ್ರಿಲ್ ೨೫, ಶುಕ್ರವಾರ

ಜಗಳ. ಇವಳು ಈಗ ದೊಡ್ಡ ಶಾಲೆಯ ಕಡೆ ವಾಲಿದ್ದಾಳೆ.

“ನಾಳೆ ಮುಚ್ಚೋ ಶಾಲೇಲಿ ಮಗೂನ ಹೇಗ್ರೀ ಬಿಡೋದು? ಅವಳು ಒಂದು ಜಾಗಕ್ಕೆ ಒಗ್ಗೋಕೇ ಇಷ್ಟು ಕಷ್ಟ. ಮತ್ತೆ ಕಿತ್ತು ಇನ್ನೊಂದು ಕಡೆ ನೆಡೋದಾ?”

“ಇಲ್ಲಿ ಅವಳಿಗೆ ಬೇರು ಹಿಡೀತಿದೆ. ಅಲ್ಲಿ ಮಣ್ಣೇ ಇಲ್ಲ.”

“ಮಾರ್ಚಲ್ಲಿ ದೊಡ್ಡ ಶಾಲೆ ದೊಡ್ಡ ಶಾಲೆ ಅಂತ ಜಪ ಮಾಡ್ತಿದ್ದೋರು ನೀವೇ ಅಲ್ವಾ?”

“ನಾನೆಲ್ಲಿ ಜಪ ಮಾಡಿದೆ? ತಿರುವಿನ ಶಾಲೆ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ” ಎಂದೆ. ಇವಳು ನನ್ನ ಮುಖವನ್ನು ಥರ್ಮಾಮೀಟರ್ ನೋಡುವ ಹಾಗೆ ನೋಡಿದಳು.

ಇವಳ ಮಾತೂ ಸುಳ್ಳಲ್ಲ. ಅದೇ ಕಷ್ಟ. ಮೇ ಐದಕ್ಕೆ ಅಕ್ಕ ಗೊತ್ತುಮಾಡಿದ ಸಂದರ್ಶನ. ಅದರೊಳಗೆ ಒಂದು ತೀರ್ಮಾನ ಆಗಬೇಕು.

ಏಪ್ರಿಲ್ ೩೦, ಬುಧವಾರ

ಇವಳು ಡ್ಯೂಟಿ ಬದಲಾಯಿಸಿಕೊಂಡು ನಮ್ಮ ಜೊತೆ ಬಂದಳು. “ನಾನು ಒಳಗೆ ಬರಲ್ಲ, ಹೊರಗೇ ಕೂತಿರ್ತೀನಿ” ಎಂದು ಕಾರಿಡಾರಿನಲ್ಲೇ ಉಳಿದಳು. ದೊಡ್ಡ ಮಿಸ್ ಈಗ ತರಗತಿಯ ಒಳಗೇ, ಮೂಲೆಯ ಮೇಜಿನಲ್ಲಿ, ನಮಗೆ ಬೆನ್ನು ಹಾಕಿ ಕೂರುತ್ತಾರೆ.

ಅರಳು ಕರಿಹಲಗೆಯ ಮೇಲೆ ಒಂದು ಪ್ರಾಣಿ ಬರೆದಳು. ಆನೆಯೋ ಕೆಟಲ್ಲೋ ತಿಳಿಯದು. “ಇದು ಏನು ಹೇಳು ಅಪ್ಪಾ. ಅಲ್ಲ. ಅಲ್ಲ. ಅಯ್ಯೋ ಅಲ್ಲಪ್ಪಾ! ಸರಿಯಾಗಿ ನೋಡು!” ಎಂದು ಮನೆಯಲ್ಲಿ ಕೂಗುವ ಹಾಗೇ ಕೂಗಿದಳು. ಖಾಲಿ ಕೋಣೆಯಲ್ಲಿ ಅದು ಗಣಗಣ ಎಂದಿತು.

ಹೊರಗೆ ಬಂದಾಗ ಇವಳು ಮಕ್ಕಳ ಬೆಂಚಿನ ಮೇಲೆ ಕೂತಿದ್ದಳು, ಸೆರಗಿನ ತುದಿ ಬಾಯಲ್ಲಿ. ಎಂತೆಂಥ ಗಾಯಕ್ಕೂ ಕಣ್ಣು ಮಿಟುಕಿಸದೆ ಪಟ್ಟಿ ಕಟ್ಟುವವಳು. ನನ್ನ ತೋಳು ಹಿಡಿದು ಎದ್ದಳು. “ನಮ್ಮನೇದಲ್ಲದ ಗೋಡೆ ಆಚೆಯಿಂದ ಅವಳ ದನಿ ಕೇಳಿದ್ದು ಇದೇ ಮೊದಲು ಕಣ್ರೀ” ಎಂದಳು. ಸ್ವಲ್ಪ ದೂರ ನಡೆದ ಮೇಲೆ, “ಮುಚ್ಚೋದು ಮುಚ್ಚಿದಾಗ ನೋಡ್ಕೊಳ್ಳೋಣ. ಅಕ್ಕಂಗೆ ನೀವೇ ಹೇಳಿ, ನಂಗೆ ಧೈರ್ಯ ಇಲ್ಲ” ಎಂದಳು.

ಅಕ್ಕನಿಗೆ ಹೇಳಿದೆ. “ನಿಮ್ಮಿಷ್ಟಪ್ಪ” ಎಂದು ಫೋನಿಟ್ಟಳು. ಆ ‘ಪ್ಪ’ದ ಬಿಸಿ ಕಿವಿಯಲ್ಲಿ ಇನ್ನೂ ಇದೆ. ಆದರೂ ಇವತ್ತು ಹೊಟ್ಟೆ ತುಂಬ ಉಂಡೆ.

ಜೂನ್ ೨, ಸೋಮವಾರ

ಶಾಲೆಯ ಮೊದಲ ದಿನ. ಖಾಲಿ ಕೋಣೆಯೇ ಬೇರೆ, ಮಕ್ಕಳು ತುಂಬಿದ ಕೋಣೆಯೇ ಬೇರೆ. ಅರಳು ಕಲ್ಲಾದಳು. ನಾನು ಕಿಟಕಿಯ ಹೊರಗೆ ನಿಂತೇ ಇದ್ದೆ. ದೊಡ್ಡ ಮಿಸ್ ಬಂದು, “ಇನ್ನು ಹೊರಡಿ. ನೀವು ಕಿಟಕೀಲಿ ಇರೋವರೆಗೂ ಅವಳು ಕಿಟಕೀಲೇ ಇರ್ತಾಳೆ” ಎಂದರು.

ಲ್ಯಾಬಿನಲ್ಲಿ ಒಂದು ಸೆಟ್ಟಿನ ಎಡಗಡೆಯ ಕೋರೆಹಲ್ಲನ್ನು ಬಲಕ್ಕೆ ಕೂರಿಸಿದೆ. ಯಜಮಾನರು ಏನೂ ಅನ್ನದೆ ಬಿಡಿಸಿ ಸರಿಮಾಡಿದರು.

ಜೂನ್ ೧೨, ಗುರುವಾರ

ಒಬ್ಬ ಹುಡುಗ ಅವಳನ್ನು ‘ಮೂಗಿ’ ಅಂದನಂತೆ. ಬಾಗಿಲು ಹಾಕಿದ ಮೇಲೆ ಹೇಳಿದಳು. ನನಗೆ ನೆತ್ತಿಗೇರಿತು. ಚಪ್ಪಲಿ ಮೆಟ್ಟಿಕೊಂಡೆ.

“ಎಲ್ಲಿಗೆ?” ಎಂದಳು ಅರಳು.

“ಆ ಹುಡುಗನ ಅಪ್ಪನ ಹತ್ರ ಮಾತಾಡೋಕೆ.”

“ಬೇಡ. ಮಿಸ್ ಆಗ್ಲೇ ಹೇಳಿದ್ರು. ‘ಅವಳು ಮನೇಲಿ ನಿನಗಿಂತ ಜಾಸ್ತಿ ಮಾತಾಡ್ತಾಳೆ, ಇಲ್ಲಿ ಇನ್ನೂ ಶುರು ಮಾಡಿಲ್ಲ’ ಅಂತ. ಅವನು ಸಾರಿ ಅಂದ. ಅವನ ಪಕ್ಕ ಕೂರ್ತಿದ್ದ ಹುಡುಗಿ ಈಗ ನನ್ನ ಪಕ್ಕ ಬಂದಿದಾಳೆ. ಅವಳಿಗೆ ಮುಂದಿನ ಎರಡು ಹಲ್ಲಿಲ್ಲ.”

ಚಪ್ಪಲಿ ಬಿಟ್ಟೆ.

ಜೂನ್ ೨೬, ಗುರುವಾರ

ವಿಶೇಷವೇನಿಲ್ಲ. ಅಂಗಡಿಯವರು ಅರಳುವನ್ನು, “ಯಾವ ಪೆನ್ಸಿಲ್ ಬೇಕಮ್ಮ?” ಎಂದು ಕೇಳಿದರು. ನಾನು ಚೀಲದ ಹಿಡಿ ಗಂಟು ಹಾಕುತ್ತಿದ್ದೆ. ನೋಡಿದರೆ ಅವಳು ಬೆರಳು ತೋರಿಸಿ ಕೆಂಪು ಪೆನ್ಸಿಲ್ ತೆಗೆಸಿಕೊಂಡಿದ್ದಾಳೆ. ತರಗತಿಯಲ್ಲಿ ಹಾಜರಿ ಕೂಗಿದರೆ ಕೈಯೆತ್ತುತ್ತಾಳಂತೆ. ಮಾತಿಲ್ಲ. ಆದರೆ ಬೆಳಿಗ್ಗೆ ಗಂಟೆಯ ಸದ್ದು ಕೇಳಿದರೆ ನನ್ನನ್ನೇ ಅವಸರಪಡಿಸುತ್ತಾಳೆ.

ಅಕ್ಕ ಬಂದಿದ್ದಳು. ಶಾಲೆಯ ವಿಷಯ ಎತ್ತಲಿಲ್ಲ. ಹೊರಡುವಾಗ ಅರಳುವಿನ ಕೈಗೆ ಬಣ್ಣದ ಡಬ್ಬಿ ಕೊಟ್ಟು, “ಶಾಲೆಗೆ ತಗೊಂಡ್ಹೋಗು” ಎಂದಳು. ಮುನಿಸು ಕರಗಿದೆ.

ಜುಲೈ ೯, ಬುಧವಾರ

ಇವತ್ತು ಅಕ್ಷರ ಸೊಟ್ಟಗೆ ಬಂದರೆ ಬರಲಿ.

ಶಾಲೆ ಬಿಡುವ ಹೊತ್ತು. ಗೇಟಿನ ಹತ್ತಿರ ಯಾವತ್ತಿನ ಹಾಗೆ ಅಪ್ಪ ಅಮ್ಮಂದಿರ ಜಾತ್ರೆ, ಸೈಕಲ್ಲು, ಕೂಗಾಟ. ಅರಳು ಬಂದು ನನ್ನ ಕೈ ಹಿಡಿದಳು. ಹಿಂದೆಯೇ ಮುಂದಿನ ಹಲ್ಲಿಲ್ಲದ ಆ ಹುಡುಗಿ ಓಡಿಬಂದು ನನ್ನ ದಾರಿಗೆ ಅಡ್ಡ ನಿಂತಳು.

“ಅಂಕಲ್, ನಿಮ್ಮನೆ ಬಚ್ಚಲಲ್ಲಿ ಬಾಲ ಇಲ್ದೇ ಇರೋ ಹಲ್ಲಿ ಇದೆಯಂತೆ. ನಿಜಾನಾ?”

ನನಗೆ ಅರ್ಥವಾಗಲಿಲ್ಲ. ಬಾಲವಿಲ್ಲದ ಹಲ್ಲಿ ಯಾವುದು? ಈ ಹುಡುಗಿಗೆ ಯಾರು ಹೇಳಿದರು? ನಾನು ಕಣ್ಣು ಕಣ್ಣು ಬಿಡುತ್ತ ನಿಂತೆ. ಆ ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಳು. ಸುತ್ತ ಅಷ್ಟು ಜನ.

ಆಗ ನನ್ನ ಪಕ್ಕದಿಂದ, ಜೋರಾಗಿ, ಸ್ವಲ್ಪ ಬೇಸರದಲ್ಲೇ:

“ಅಪ್ಪಂಗೆ ಗೊತ್ತಿಲ್ಲ. ನಾನೇ ನೋಡಿರೋದು. ಅದು ಹಂಡೆ ಹಿಂದೆ ಇರುತ್ತೆ.”

“ಬಾಲ ಎಲ್ಲಿ ಹೋಯ್ತು?”

“ಬಿದ್ದೋಯ್ತು. ಮತ್ತೆ ಬೆಳೆಯುತ್ತೆ. ನಿನ್ನ ಹಲ್ಲು ಬೆಳೆಯಲ್ವಾ, ಹಾಗೆ.”

ಆ ಹುಡುಗಿ ನಾಲಗೆಯಿಂದ ಒಸಡು ಮುಟ್ಟಿ ನೋಡಿಕೊಂಡು ಓಡಿಹೋದಳು. ಯಾರೂ ತಿರುಗಿ ನೋಡಲಿಲ್ಲ. ಇಬ್ಬರು ಮಕ್ಕಳು ಹಲ್ಲಿಯ ವಿಷಯ ಮಾತಾಡಿದರೆ ಯಾರು ನೋಡುತ್ತಾರೆ? ದೊಡ್ಡ ಮಿಸ್ ಮಾತ್ರ ಗೇಟಿನ ಒಳಗೆ ನಿಂತಿದ್ದರು. ನಾನು ಅವರ ಕಡೆ ನೋಡಿದೆ. “ಸೋಮವಾರದಿಂದ ನಡೀತಿದೆ, ಅವರಿಬ್ಬರ ಮಧ್ಯೆ. ನಿಮ್ಮ ಹತ್ರ ಅವಳೇ ಹೇಳ್ಲಿ ಅಂತ ಸುಮ್ನಿದ್ದೆ. ನನ್ನ ಜೊತೆ ಇನ್ನೂ ಇಲ್ಲ ನೋಡಿ” ಎಂದು ಮೂಗು ಮುರಿದರು. ಅವರ ಕಣ್ಣು ನಗುತ್ತಿತ್ತು.

ದಾರಿಯಲ್ಲಿ ನಾನು ಅವಳನ್ನು ಏನೂ ಕೇಳಲಿಲ್ಲ, ಹೊಗಳಲೂ ಇಲ್ಲ. ಅವಳಂತೂ ದೊಡ್ಡದೇನೋ ನಡೆದಿದೆ ಎಂಬ ಪರಿವೆಯೇ ಇಲ್ಲದೆ ಕಲ್ಲು ಒದೆಯುತ್ತ ನಡೆದಳು. ನನಗೆ ಮಾತ್ರ ಹಗುರ ಎನ್ನಿಸುತ್ತಿತ್ತು. ಎಷ್ಟೋ ವರ್ಷದಿಂದ ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಸದ್ದಿಲ್ಲದೆ ಇಳಿಸಿಕೊಂಡ ಹಾಗೆ.

ಸಂಜೆ ಇವಳು ಬಂದಳು. ಬಾಗಿಲಲ್ಲೇ ಹೇಳಿದೆ. ಮೊದಲಿನಿಂದ ಒಂದು ಸಲ, ಮತ್ತೆ ಒಂದು ಸಲ. ಇವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. “ಇನ್ನೊಂದ್ಸಲ ಹೇಳಿ” ಎಂದಳು. ಹೇಳಿದೆ. ನಕ್ಕಳು, ಅತ್ತಳು, ಕೈಚೀಲ ಕೆಳಗಿಟ್ಟಳು.

“ಅದ್ಸರಿ” ಎಂದಳು ಮೂಗೊರೆಸಿಕೊಂಡು, “ನಮ್ಮ ಬಚ್ಚಲಲ್ಲಿ ಹಲ್ಲಿ ಎಲ್ಲಿದೆ?”

ಇಬ್ಬರೂ ಹೋದೆವು. ನಾನು ಹಂಡೆಯನ್ನು ಸ್ವಲ್ಪ ಸರಿಸಿದೆ, ಇವಳು ಬಗ್ಗಿ ನೋಡಿದಳು. ಹಿಂದಿನಿಂದ ಅರಳು, “ಮೆಲ್ಲಗೆ! ಹೆದರಿಸ್ಬೇಡಿ ಅದನ್ನ!” ಎಂದು ಗದರಿದಳು.

ಇತ್ತು. ಬಾಲ ಇರಲಿಲ್ಲ.